‘ದಿ ಬ್ಲೈಂಡ್ ಸೈಡ್’: ಮೈಕಲ್‌ನ ಕಥೆಯಲ್ಲಿ ಮೈಕಲ್ ಎಷ್ಟು?

ಅಮೆರಿಕನ್ ಫುಟ್‌ಬಾಲ್ ನೋಡಿ ಅಭ್ಯಾಸವಿಲ್ಲದವರನ್ನೂ ‘ದಿ ಬ್ಲೈಂಡ್ ಸೈಡ್’ ಮೊದಲ ಕೆಲವು ನಿಮಿಷಗಳಲ್ಲೇ ಆಟದೊಳಕ್ಕೆ ಕರೆದುಕೊಳ್ಳುತ್ತದೆ. 1985ರ ನವೆಂಬರ್ 18ರ ರಾತ್ರಿ ವಾಷಿಂಗ್ಟನ್ ಮತ್ತು ನ್ಯೂಯಾರ್ಕ್ ಜೈಂಟ್ಸ್ ತಂಡಗಳ ನಡುವೆ ನಡೆದ ಪಂದ್ಯದ ದೃಶ್ಯದಿಂದ ಚಿತ್ರ ಆರಂಭವಾಗುತ್ತದೆ. ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ಆಕ್ರಮಣವನ್ನು ನಡೆಸುವ ಆಟಗಾರ) ಜೋ ಥೈಸ್‌ಮನ್ ಚೆಂಡನ್ನು ಹಿಡಿದು ನಿಂತಿರುವಾಗ ಎದುರಾಳಿ ತಂಡದ ಲಾರೆನ್ಸ್ ಟೇಲರ್ ಎರಗುತ್ತಾರೆ. ಕಾಲಿನ ಮೂಳೆ ಮುರಿಯುತ್ತದೆ. ಥೈಸ್‌ಮನ್ ಅವರ ಆಟದ ಬದುಕು ಅಂದೇ ಕೊನೆಗೊಳ್ಳುತ್ತದೆ. ಬಲಗೈಯಿಂದ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ತನ್ನ ಎಡಬದಿಯಿಂದ ನುಗ್ಗಿ ಬರುವವರು ಕಾಣುವುದಿಲ್ಲ. ಆ ಕಾಣದ ಬದಿಯನ್ನು ಕಾಯುವ ಆಟಗಾರನೇ ಲೆಫ್ಟ್ ಟ್ಯಾಕಲ್. ಮನೆ ನಡೆಸುವ ಹೆಂಗಸು ತಿಂಗಳ ಮೊದಲ ಚೆಕ್ ಬರೆಯುವುದು ಗೃಹಸಾಲದ ಕಂತಿಗೆ, ಎರಡನೆಯದು ವಿಮೆಗೆ ಎಂದು ಹಿನ್ನೆಲೆಯಲ್ಲಿ ನಾಯಕಿಯ ದನಿ ವಿವರಿಸುತ್ತದೆ. ಕ್ವಾರ್ಟರ್‌ಬ್ಯಾಕ್ ಮನೆಯಾದರೆ ಲೆಫ್ಟ್ ಟ್ಯಾಕಲ್ ಅದರ ವಿಮೆ. ಆಟದ ಬಗ್ಗೆ ನಮಗೆ ತಿಳಿದಿರಬೇಕಾದದ್ದು ಇಷ್ಟೇ. ಉಳಿದ ನಿಯಮಗಳು ಗೊತ್ತಿಲ್ಲದಿದ್ದರೂ 129 ನಿಮಿಷಗಳ ಈ ಚಿತ್ರವನ್ನು ತೊಡಕಿಲ್ಲದೆ ನೋಡಬಹುದು.

ಜಾನ್ ಲೀ ಹ್ಯಾನ್‌ಕಾಕ್ ಚಿತ್ರಕಥೆ ಬರೆದು ನಿರ್ದೇಶಿಸಿದ ಈ ಚಿತ್ರ 2009ರ ನವೆಂಬರ್‌ನಲ್ಲಿ ತೆರೆಕಂಡಿತು. ಸುಮಾರು 2.9 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾಗಿ, ಜಗತ್ತಿನಾದ್ಯಂತ 30 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಮರುವರ್ಷ ನಾಯಕಿಯ ಪಾತ್ರಕ್ಕಾಗಿ ಸಾಂಡ್ರಾ ಬುಲಕ್ ಅವರಿಗೆ ಆಸ್ಕರ್ ಪ್ರಶಸ್ತಿ ಬಂದಿತು. ಚಿತ್ರವು ಅತ್ಯುತ್ತಮ ಚಿತ್ರದ ವಿಭಾಗದಲ್ಲೂ ನಾಮನಿರ್ದೇಶನ ಪಡೆದಿತ್ತು. ಕಥೆಗೆ ಆಧಾರ ಮೈಕಲ್ ಲೂಯಿಸ್ ಅವರು 2006ರಲ್ಲಿ ಪ್ರಕಟಿಸಿದ, ಇದೇ ಹೆಸರಿನ, ಕಾದಂಬರಿಯಲ್ಲದ ಪುಸ್ತಕ. ನಿಜವಾದ ಮನುಷ್ಯರ ನಿಜವಾದ ಹೆಸರುಗಳೇ ಚಿತ್ರದಲ್ಲೂ ಇರುವುದರಿಂದ, ಗೊಂದಲವಾಗದಿರಲೆಂದು ತೆರೆಯ ಮೇಲಿನ ಹುಡುಗನನ್ನು ಮೈಕಲ್ ಎಂದೂ ನಿಜಜೀವನದ ಆಟಗಾರ ಮೈಕಲ್ ಓರ್ ಅವರನ್ನು ಓರ್ ಎಂದೂ ಇಲ್ಲಿ ಕರೆಯುತ್ತೇನೆ. ಈ ಇಬ್ಬರೂ ಒಂದೇ ಅಲ್ಲ ಎಂಬುದು ಈ ವಿಮರ್ಶೆಗೆ ಮುಖ್ಯವಾದ ಸಂಗತಿಯೂ ಹೌದು.

ಟೆನೆಸಿ ರಾಜ್ಯದ ಮೆಂಫಿಸ್ ನಗರದ ಬಡ ಕೇರಿಯೊಂದರಲ್ಲಿ ಹುಟ್ಟಿದ ಮೈಕಲ್‌ನ ತಾಯಿ ಮಾದಕ ವಸ್ತುಗಳ ದಾಸಿ. ತಂದೆ ಇದ್ದೂ ಇಲ್ಲದವನು. ಸರ್ಕಾರ ಗೊತ್ತುಮಾಡಿದ ಸಾಕುಮನೆಗಳಿಂದ ಓಡಿಹೋಗುತ್ತ, ಪರಿಚಿತರ ಸೋಫಾಗಳ ಮೇಲೆ ಮಲಗುತ್ತ ಬೆಳೆದ ಹುಡುಗ. ಗೆಳೆಯನೊಬ್ಬನ ತಂದೆ ತನ್ನ ಮಗನನ್ನು ಶ್ರೀಮಂತ ಬಿಳಿಯರ ಕ್ರೈಸ್ತ ಶಾಲೆಗೆ ಸೇರಿಸಲು ಹೋದಾಗ ಮೈಕಲ್‌ನನ್ನೂ ಜೊತೆಗೆ ಕರೆದೊಯ್ಯುತ್ತಾನೆ. ಹುಡುಗನ ಗಾತ್ರ ಮತ್ತು ವೇಗವನ್ನು ಕಂಡ ಕೋಚ್, ಅವನನ್ನು ಸೇರಿಸಿಕೊಳ್ಳುವುದೇ ಕ್ರೈಸ್ತ ಧರ್ಮವೆಂದು ಆಡಳಿತ ಮಂಡಳಿಯ ಮುಂದೆ ವಾದಿಸುತ್ತಾನೆ. ಕೋಚ್‌ನ ಧರ್ಮನಿಷ್ಠೆಯ ಹಿಂದೆ ಬೇರೊಂದು ಲೆಕ್ಕವಿದೆ ಎಂಬುದನ್ನು ಚಿತ್ರ ತಿಳಿಹಾಸ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಕೊರೆಯುವ ಚಳಿಯ ಒಂದು ರಾತ್ರಿ ಅರೆತೋಳಿನ ಅಂಗಿ, ಚಡ್ಡಿಗಳಲ್ಲಿ ರಸ್ತೆಬದಿಯಲ್ಲಿ ನಡೆದು ಹೋಗುತ್ತಿದ್ದ ಮೈಕಲ್‌ನನ್ನು ಲೀ ಆ್ಯನ್ ಟೂಯಿ ಕಾರು ನಿಲ್ಲಿಸಿ ಮನೆಗೆ ಕರೆತರುತ್ತಾಳೆ. ಆಕೆ ಮನೆಗಳ ಒಳಾಂಗಣ ವಿನ್ಯಾಸಗಾರ್ತಿ. ಗಂಡ ಶಾನ್ ಟಾಕೋ ಬೆಲ್ ಉಪಾಹಾರ ಮಳಿಗೆಗಳ ಒಡೆಯ, ಒಂದು ಕಾಲದಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಆಟಗಾರ. ಹದಿಹರೆಯದ ಮಗಳು ಕಾಲಿನ್ಸ್, ಬಾಯಿಬಡುಕ ಪುಟ್ಟ ಮಗ ಎಸ್.ಜೆ. ಒಂದು ರಾತ್ರಿಗೆಂದು ಬಂದವನು ಮನೆಯವನೇ ಆಗುವುದು, ಓದಿನಲ್ಲಿ ಮೇಲೇಳುವುದು, ಮೈದಾನದಲ್ಲಿ ಲೆಫ್ಟ್ ಟ್ಯಾಕಲ್ ಆಗಿ ಹೆಸರು ಮಾಡಿ ವಿಶ್ವವಿದ್ಯಾಲಯಗಳು ಅವನಿಗಾಗಿ ಸರದಿ ನಿಲ್ಲುವುದು ಉಳಿದ ಕಥೆ.

ಹೀಗೆ ಸಂಕ್ಷೇಪಿಸಿ ಹೇಳಿದಾಗ ಸಪ್ಪೆಯಾಗಿ ಕೇಳಿಸುವ ಈ ಕಥೆ ತೆರೆಯ ಮೇಲೆ ಸಪ್ಪೆಯಾಗದಿರಲು ಬುಲಕ್ ಮುಖ್ಯ ಕಾರಣ. ಲೀ ಆ್ಯನ್ ಪಾತ್ರವನ್ನು ಕರುಣಾಮಯಿ ತಾಯಿಯಂತೆ ಅಭಿನಯಿಸುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ. ಅವರ ಲೀ ಆ್ಯನ್ ಮಾತು ಕಡಿಮೆ ಮಾಡದ, ಎದುರಿನವರ ಮಾತು ಮುಗಿಯುವವರೆಗೆ ಕಾಯದ, ಎಲ್ಲೆಡೆ ತನ್ನ ಇಚ್ಛೆಯೇ ನಡೆಯಬೇಕೆಂದು ಬಯಸುವ, ಅದು ನಡೆದೇ ತೀರುತ್ತದೆಂದು ನಂಬಿರುವ ಹೆಂಗಸು. ಕಣ್ಣೀರು ಬರುವಂತಾದಾಗ ಆಕೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ. ಮೊದಲ ರಾತ್ರಿ ಮೈಕಲ್‌ನನ್ನು ಸೋಫಾದ ಮೇಲೆ ಮಲಗಿಸಿದ ಮೇಲೆ, ಈ ಹುಡುಗ ಏನಾದರೂ ಕದ್ದಾನೆಯೇ ಎಂದು ಗಂಡನ ಬಳಿ ಅನುಮಾನ ಆಡಿಯೂ ಆಡುತ್ತಾಳೆ. ಬೆಳಗ್ಗೆ ಹೊದಿಕೆಗಳು ಅಚ್ಚುಕಟ್ಟಾಗಿ ಮಡಿಸಿಟ್ಟಿರುವುದನ್ನು ಕಂಡು ಆಕೆಯ ಮುಖದಲ್ಲಿ ಕ್ಷಣಕಾಲ ಸುಳಿಯುವ ನಾಚಿಕೆಯನ್ನು ಬುಲಕ್ ಒಂದು ಮಾತೂ ಇಲ್ಲದೆ ತೋರಿಸುತ್ತಾರೆ. ದುಬಾರಿ ಹೋಟೆಲಿನಲ್ಲಿ ಊಟಕ್ಕೆ ಕೂತ ಗೆಳತಿಯರು, ವಯಸ್ಸಿಗೆ ಬಂದ ಮಗಳಿರುವ ಮನೆಯಲ್ಲಿ ದೈತ್ಯಗಾತ್ರದ ಕಪ್ಪು ಹುಡುಗನನ್ನು ಇಟ್ಟುಕೊಳ್ಳುವುದೇ ಎಂದು ಕೇಳಿದಾಗ ಆಕೆ ಅವರನ್ನು ತಣ್ಣನೆಯ ದನಿಯಲ್ಲಿ ಝಾಡಿಸುವ ದೃಶ್ಯವೂ ಹಾಗೆಯೇ ಗಟ್ಟಿಯಾಗಿದೆ. ಅದಕ್ಕೂ ಮುನ್ನ ಗೆಳತಿಯೊಬ್ಬಳು ‘ನೀನು ಆ ಹುಡುಗನ ಬದುಕನ್ನು ಬದಲಿಸುತ್ತಿದ್ದೀಯೆ’ ಎಂದಾಗ, ಅವನೇ ತನ್ನ ಬದುಕನ್ನು ಬದಲಿಸುತ್ತಿದ್ದಾನೆ ಎಂದು ಆಕೆ ಉತ್ತರಿಸುತ್ತಾಳೆ. ಹೇಗೆ ಬದಲಿಸಿದ ಎಂಬುದನ್ನು ಮಾತ್ರ ಚಿತ್ರ ಎಲ್ಲೂ ತೋರಿಸುವುದಿಲ್ಲ; ಮೊದಲ ದೃಶ್ಯದ ಲೀ ಆ್ಯನ್‌ಗೂ ಕೊನೆಯ ದೃಶ್ಯದ ಲೀ ಆ್ಯನ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಮನಸ್ಸಿನಲ್ಲಿ ನಿಲ್ಲುವ ಸಣ್ಣ ಸಂಗತಿಗಳು ಈ ಚಿತ್ರದಲ್ಲಿ ಹಲವಿವೆ. ಶಾಲೆಯ ಆಟ ಮುಗಿದ ಮೇಲೆ ಖಾಲಿಯಾದ ಆಸನಗಳ ನಡುವೆ ಮೈಕಲ್ ಯಾರೋ ಬಿಟ್ಟುಹೋದ ಪಾಪ್‌ಕಾರ್ನ್ ಆರಿಸಿಕೊಳ್ಳುವುದನ್ನು ಶಾನ್ ದೂರದಿಂದ ನೋಡುತ್ತಾನೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಮನೆಯವರೆಲ್ಲ ತಟ್ಟೆ ಹಿಡಿದು ಟಿವಿಯ ಮುಂದೆ ಕೂತಿರುವಾಗ, ಮೈಕಲ್ ತನ್ನ ತಟ್ಟೆಯೊಡನೆ ಊಟದ ಮೇಜಿಗೆ ಹೋಗಿ ಒಬ್ಬನೇ ಕೂರುತ್ತಾನೆ. ಅದನ್ನು ಕಂಡ ಲೀ ಆ್ಯನ್ ಟಿವಿ ಆರಿಸಿ ಎಲ್ಲರನ್ನೂ ಮೇಜಿಗೆ ಕರೆಯುತ್ತಾಳೆ. ಅವನಿಗೆಂದು ಸಿದ್ಧಪಡಿಸಿದ ಕೋಣೆಯನ್ನು ತೋರಿಸಿದಾಗ, ಇಂಥದ್ದು ತನಗೆ ಎಂದೂ ಇರಲಿಲ್ಲ ಎನ್ನುತ್ತಾನೆ. ಅವನು ಹೇಳುತ್ತಿರುವುದು ಕೋಣೆಯ ವಿಷಯವಲ್ಲ, ಮಂಚದ ವಿಷಯ ಎಂದು ಆಕೆಗೆ ತಿಳಿಯುವುದು ಒಂದು ಮಾತಿನ ನಂತರ. ಇವೆಲ್ಲವೂ ಅಳಿಸಲೆಂದೇ ಹೂಡಿದ ದೃಶ್ಯಗಳು ಎಂದು ನಮಗೆ ಗೊತ್ತಿರುತ್ತದೆ, ಆದರೂ ಅವು ಕೆಲಸ ಮಾಡುತ್ತವೆ. ಹ್ಯಾನ್‌ಕಾಕ್ ಅಲ್ಲಿ ಹಿನ್ನೆಲೆ ಸಂಗೀತವನ್ನು ಅತಿಯಾಗಿ ಸುರಿಯದೆ ಬೇಗನೆ ಮುಂದಿನ ದೃಶ್ಯಕ್ಕೆ ಹೊರಳುವ ವಿವೇಕ ತೋರಿದ್ದಾರೆ.

ಇಡೀ ಚಿತ್ರದ ಅತ್ಯುತ್ತಮ ದೃಶ್ಯ ಯಾವುದೆಂದು ಕೇಳಿದರೆ ನಾನು ಹೆಸರಿಸುವುದು ಇವುಗಳಲ್ಲಿ ಯಾವುದನ್ನೂ ಅಲ್ಲ. ಲೀ ಆ್ಯನ್ ಮೈಕಲ್‌ನ ಹೆತ್ತ ತಾಯಿ ಡೆನೀಸ್‌ಳನ್ನು ಹುಡುಕಿಕೊಂಡು ಹೋಗುವ ದೃಶ್ಯ ಅದು. ಏಡ್ರಿಯನ್ ಲೆನಾಕ್ಸ್ ಅವರಿಗೆ ಸಿಕ್ಕಿರುವುದು ಕೆಲವೇ ನಿಮಿಷಗಳು. ಅಷ್ಟರಲ್ಲೇ ಒಬ್ಬ ಸೋತ ತಾಯಿಯ ಸಂಕೋಚ, ಜಂಬ, ಅನುಮಾನ, ಸಂಕಟಗಳೆಲ್ಲ ಮುಖದ ಮೇಲೆ ಹಾದುಹೋಗುತ್ತವೆ. ಮಗನಿಗೆ ಅನ್ನ ಬಟ್ಟೆ ಕೊಡುವುದಕ್ಕೆ ಸರ್ಕಾರ ನಿಮಗೆ ಹಣ ಕೊಡುತ್ತದೆಯೇ ಎಂದು ಆಕೆ ಕೇಳುತ್ತಾಳೆ. ಸಾಕುಮನೆಗಳ ವ್ಯವಸ್ಥೆಯನ್ನು ವರ್ಷಗಟ್ಟಲೆ ಕಂಡ ಹೆಂಗಸಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು. ಲೀ ಆ್ಯನ್‌ಳ ಬಾಯಿಗೆ ಇಲ್ಲಿ ಮಾತ್ರ ಬೀಗ ಬೀಳುತ್ತದೆ. ಈ ಒಂದು ದೃಶ್ಯದಲ್ಲಿ ಚಿತ್ರವು ಕೊಡುವವರ ಕಡೆಯಿಂದ ಕಳೆದುಕೊಂಡವರ ಕಡೆಗೆ ದಾಟುತ್ತದೆ, ಆಮೇಲೆ ಅವಸರದಲ್ಲಿ ವಾಪಸಾಗುತ್ತದೆ.

ಮೈಕಲ್ ಪಾತ್ರದ ಕ್ವಿಂಟನ್ ಏರನ್ ಅವರನ್ನು ಈ ವಿಷಯದಲ್ಲಿ ದೂರಲಾಗದು. ಕೊಟ್ಟ ಪಾತ್ರವನ್ನು ಅವರು ಘನತೆಯಿಂದ ನಿರ್ವಹಿಸಿದ್ದಾರೆ. ಅಷ್ಟು ದೊಡ್ಡ ದೇಹವನ್ನು ಕುಗ್ಗಿಸಿ, ಬಾಗಿಲುಗಳಲ್ಲಿ ಅಳುಕುತ್ತ ನಿಲ್ಲುವ ಅವರ ರೀತಿ ಮಾತಿಗಿಂತ ಹೆಚ್ಚು ಹೇಳುತ್ತದೆ. ಕೊರತೆ ಇರುವುದು ಬರವಣಿಗೆಯಲ್ಲಿ. ಮೈಕಲ್ ಒಳಗೆ ಏನು ಯೋಚಿಸುತ್ತಿದ್ದಾನೆ ಎಂಬುದು ಚಿತ್ರದ ಮೊದಲರ್ಧದಲ್ಲಿ ಗೊತ್ತಾಗುವುದು ಒಂದೇ ಕಡೆ: ಅವನು ಬರೆದು ಬಿಸಾಡಿದ ಕಾಗದವೊಂದನ್ನು ಶಿಕ್ಷಕಿ ಸಹೋದ್ಯೋಗಿಗಳ ಮುಂದೆ ಓದುತ್ತಾಳೆ, ಆ ಶಾಲೆಯ ಬಿಳಿ ಗೋಡೆಗಳೂ ಬಿಳಿ ನೆಲವೂ ಬಿಳಿಯ ಜನವೂ ಅವನ ಕಣ್ಣಿಗೆ ಹೇಗೆ ಕಂಡವೆಂಬುದು ಅದರಲ್ಲಿದೆ. ಎಲ್ಲರೂ ಅವನನ್ನು ನೋಡುತ್ತಿರುವ ಚಿತ್ರದಲ್ಲಿ ಅವನು ಉಳಿದವರನ್ನು ನೋಡುವ ಅಪರೂಪದ ಗಳಿಗೆ ಅದು, ಮತ್ತು ಅದನ್ನೂ ನಾವು ಕೇಳುವುದು ಬೇರೊಬ್ಬರ ದನಿಯಲ್ಲಿ. ಅವನಿಗೆ ಇಂಥ ಇನ್ನೂ ನಾಲ್ಕು ಕಾಗದಗಳನ್ನು ಚಿತ್ರಕಥೆ ಕೊಟ್ಟಿದ್ದರೆ ಇದು ಬೇರೆಯೇ ದರ್ಜೆಯ ಚಿತ್ರವಾಗುತ್ತಿತ್ತು.

ಬದಲಿಗೆ ಚಿತ್ರ ಅವನನ್ನು ಮಗುವಾಗಿಸುತ್ತದೆ. ಪುಟ್ಟ ಎಸ್.ಜೆ. ಮೇಜಿನ ಮೇಲೆ ಸಾಸ್ ಬಾಟಲಿಗಳನ್ನು ಜೋಡಿಸಿ ಅವನಿಗೆ ಫುಟ್‌ಬಾಲ್ ಕಲಿಸುತ್ತಾನೆ. ಅಭ್ಯಾಸದ ಮೈದಾನದಲ್ಲಿ ಮೈಕಲ್ ಯಾರನ್ನೂ ತಳ್ಳಲಾರದೆ ಕೋಚ್ ತಲೆ ಚಚ್ಚಿಕೊಳ್ಳುತ್ತಿರುವಾಗ ಲೀ ಆ್ಯನ್ ಎತ್ತರದ ಹಿಮ್ಮಡಿಯ ಬೂಟುಗಳಲ್ಲಿ ಮೈದಾನಕ್ಕೇ ಇಳಿದು ಬಂದು, ಈ ಆಟಗಾರರನ್ನು ನಿನ್ನ ಮನೆಯವರೆಂದು ತಿಳಿ, ಅವರನ್ನು ಕಾಪಾಡು ಎನ್ನುತ್ತಾಳೆ. ಮರುಕ್ಷಣದಿಂದ ಅವನು ಅಭೇದ್ಯ ಗೋಡೆಯಾಗುತ್ತಾನೆ. ನೋಡುವಾಗ ಬಹಳ ರಂಜಿಸುವ ದೃಶ್ಯ. ತನ್ನನ್ನು ಜನಾಂಗದ ಹೆಸರಿನಲ್ಲಿ ಹೀಯಾಳಿಸಿದ ಎದುರಾಳಿಯನ್ನು ಮೈಕಲ್ ಮೈದಾನದ ಗೆರೆಯಾಚೆಗೂ ತಳ್ಳಿಕೊಂಡು ಹೋಗುವ ಪಂದ್ಯದ ದೃಶ್ಯವಂತೂ ಚಿತ್ರಮಂದಿರದಲ್ಲಿ ಶಿಳ್ಳೆ ಗಿಟ್ಟಿಸುವಂಥದ್ದು. ಆದರೆ ಇದೆಲ್ಲದರ ಬಗ್ಗೆ ಸ್ವತಃ ಓರ್ ಅವರು 2011ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತಕರಾರು ಎತ್ತಿದ್ದಾರೆ. ಆಟ ತಮಗೆ ಮೊದಲೇ ಚೆನ್ನಾಗಿ ಗೊತ್ತಿತ್ತು, ಅದನ್ನು ತಾವು ಅಧ್ಯಯನ ಮಾಡಿದ್ದೆವು. ನಿರಂತರ ಶಾಲಾಶಿಕ್ಷಣ ಸಿಗದ ಹುಡುಗನನ್ನು ಚಿತ್ರ ದಡ್ಡನೆಂಬಂತೆ ಬಿಂಬಿಸಿತು ಎಂಬುದು ಅವರ ಆಕ್ಷೇಪ. ಇದು ಸಣ್ಣ ಮಾತಲ್ಲ. ಒಬ್ಬ ಆಟಗಾರನ ಕೌಶಲ ಅವನ ಸ್ವಂತ ದುಡಿಮೆ. ಅದನ್ನೂ ಸಾಕಿದವರ ಉಪಕಾರದ ಖಾತೆಗೆ ಬರೆದರೆ ಅವನ ಪಾಲಿಗೆ ಉಳಿಯುವುದಾದರೂ ಏನು? ದೃಶ್ಯವನ್ನು ರಂಜಕವಾಗಿಸಲು ಚಿತ್ರ ತೆತ್ತ ಬೆಲೆ ಅದು, ಮತ್ತು ಆ ಬೆಲೆ ಹೋದದ್ದು ಇನ್ನೊಬ್ಬರ ಕಿಸೆಯಿಂದ.

ಲೂಯಿಸ್ ಅವರ ಪುಸ್ತಕ ಈ ತಪ್ಪಿನಿಂದ ಒಂದು ಮಟ್ಟಿಗೆ ತಪ್ಪಿಸಿಕೊಂಡದ್ದು ಅದರ ಅರ್ಧ ಭಾಗ ಆಟದ ಅರ್ಥಶಾಸ್ತ್ರಕ್ಕೆ ಮೀಸಲಾಗಿರುವುದರಿಂದ. ಟೇಲರ್‌ನಂಥ ಆಕ್ರಮಣಕಾರರು ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವವನ ಬೆಲೆ ಏರಿತು. ಯಾರೂ ಹೆಸರಿನಿಂದ ಗುರುತಿಸದ ಲೆಫ್ಟ್ ಟ್ಯಾಕಲ್ ತಂಡದ ಅತಿ ಹೆಚ್ಚು ಸಂಬಳದವರ ಸಾಲಿಗೆ ಬಂದ. ಭಾರವಾದ ದೇಹ, ಉದ್ದನೆಯ ತೋಳು, ಚುರುಕಾದ ಪಾದಗಳು ಒಂದೇ ಕಡೆ ಸೇರಿದ ಹುಡುಗರಿಗಾಗಿ ಹುಡುಕಾಟ ಶುರುವಾಯಿತು. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಯಾರ ಕಣ್ಣಿಗೂ ಬೀಳದಿರಬಹುದಾಗಿದ್ದ ಹುಡುಗನೊಬ್ಬನಿಗೆ ಏಕಾಏಕಿ ಮಾರುಕಟ್ಟೆಯ ಬೆಲೆ ಬಂದ ಬಗೆಯನ್ನು ಪುಸ್ತಕ ವಿವರಿಸುತ್ತದೆ. ಚಿತ್ರ ಇದನ್ನು ಪೀಠಿಕೆಗಷ್ಟೇ ಬಳಸಿ ಕೈಬಿಡುತ್ತದೆ. (ಲೂಯಿಸ್ ಮತ್ತು ಶಾನ್ ಟೂಯಿ ನ್ಯೂ ಆರ್ಲಿಯನ್ಸ್‌ನ ಶಾಲೆಯೊಂದರಲ್ಲಿ ಸಹಪಾಠಿಗಳಾಗಿದ್ದರು ಎಂಬುದನ್ನೂ ಪುಸ್ತಕ ಓದುವವರು ನೆನಪಿನಲ್ಲಿಡುವುದು ಒಳ್ಳೆಯದು, ಕಥೆ ಯಾರ ಮನೆಯ ಪಡಸಾಲೆಯಿಂದ ಹೇಳಲ್ಪಟ್ಟಿದೆ ಎಂಬುದಕ್ಕೆ ಅದೂ ಒಂದು ಸುಳಿವು.)

ವಿಶ್ವವಿದ್ಯಾಲಯಗಳ ಕೋಚ್‌ಗಳು ಒಬ್ಬೊಬ್ಬರಾಗಿ ಟೂಯಿ ಮನೆಗೆ ಬರುವ ಭಾಗ ಲವಲವಿಕೆಯಿಂದ ಕೂಡಿದೆ. ನಿಕ್ ಸೇಬನ್, ಲೂ ಹೋಲ್ಟ್ಸ್, ಫಿಲಿಪ್ ಫುಲ್ಮರ್ ಮುಂತಾದ ನಿಜವಾದ ಕೋಚ್‌ಗಳೇ ಇಲ್ಲಿ ತಮ್ಮ ಪಾತ್ರಗಳನ್ನು ತಾವೇ ಮಾಡಿದ್ದಾರೆ. ಅವರೊಡನೆ ಪುಟ್ಟ ಎಸ್.ಜೆ. ತನಗೇನು ಸಿಗುತ್ತದೆಂದು ಚೌಕಾಸಿ ಮಾಡುತ್ತಾನೆ. ಮೈಕಲ್‌ಗೆ ಮನೆಪಾಠ ಹೇಳಲು ಬರುವ ಮಿಸ್ ಸೂ ಆಗಿ ಕ್ಯಾಥಿ ಬೇಟ್ಸ್ ಸೊಗಸಾಗಿ ನಟಿಸಿದ್ದಾರೆ. ಗಂಡನ ಪಾತ್ರದಲ್ಲಿ ಗಾಯಕ ಟಿಮ್ ಮೆಕ್‌ಗ್ರಾ ಹಿತಮಿತ. ಮಗಳ ಪಾತ್ರದ ಲಿಲಿ ಕಾಲಿನ್ಸ್ ಅವರಿಗೆ ಹೆಚ್ಚು ಕೆಲಸವಿಲ್ಲ.

ನಗೆಯ ಈ ಭಾಗ ಮುಗಿಯುತ್ತಿದ್ದಂತೆ ಚಿತ್ರ ತನ್ನನ್ನೇ ತಾನು ಪ್ರಶ್ನಿಸಿಕೊಳ್ಳುತ್ತದೆ. ಇದು ಅದರ ಪ್ರಾಮಾಣಿಕತೆಗೆ ಸಲ್ಲಬೇಕಾದ ಮಾತು. ಮೈಕಲ್ ಟೂಯಿ ದಂಪತಿ ಓದಿದ ಮಿಸಿಸಿಪಿ ವಿಶ್ವವಿದ್ಯಾಲಯವನ್ನೇ ಆರಿಸಿದ್ದರಿಂದ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯ ತನಿಖಾಧಿಕಾರಿಯೊಬ್ಬಳು ಅವನನ್ನು ವಿಚಾರಣೆಗೆ ಕೂರಿಸುತ್ತಾಳೆ. ಈ ಶ್ರೀಮಂತರು ನಿನಗೆ ಮನೆ, ಬಟ್ಟೆ, ಕಾರು ಕೊಟ್ಟದ್ದು ತಮ್ಮ ವಿಶ್ವವಿದ್ಯಾಲಯಕ್ಕೆ ಒಬ್ಬ ಆಟಗಾರ ಸಿಗಲೆಂದೇ ಇರಬಹುದಲ್ಲವೇ ಎಂಬುದು ಅವಳ ಪ್ರಶ್ನೆ. ಮೈಕಲ್ ಕಂಗೆಟ್ಟು ಎದ್ದು ಹೋಗುತ್ತಾನೆ. ಆಮೇಲೆ ಹಿಂತಿರುಗಿ, ನಾನು ಅಲ್ಲಿಗೆ ಏಕೆ ಹೋಗಬಯಸುತ್ತೇನೆಂದು ನೀವು ಕೇಳಲೇ ಇಲ್ಲವಲ್ಲ ಎನ್ನುತ್ತಾನೆ. ನನ್ನ ಮನೆಯವರು ಓದುವುದು ಅಲ್ಲಿಯೇ ಎಂಬುದು ಅವನ ಉತ್ತರ. ಪ್ರಶ್ನೆ ಒಳ್ಳೆಯದು, ಉತ್ತರವೂ ಹೃದಯಸ್ಪರ್ಶಿ. ಆದರೆ ಅಧಿಕಾರಿ ಕೇಳಿದ್ದು ಟೂಯಿಗಳ ಉದ್ದೇಶದ ಬಗ್ಗೆ, ಚಿತ್ರ ಕೊಟ್ಟದ್ದು ಮೈಕಲ್‌ನ ಪ್ರೀತಿಯ ಬಗ್ಗೆ. ಕೇಳಿದ ಪ್ರಶ್ನೆ ಕೇಳಿದಲ್ಲೇ ಉಳಿಯಿತು.

ಅದಕ್ಕೂ ಮೊದಲು ಬರುವ ಪುಟ್ಟ ದೃಶ್ಯವೊಂದನ್ನು ಇಂದು ಬೇರೆಯದೇ ಕಣ್ಣಿನಿಂದ ನೋಡಬೇಕಾಗಿದೆ. ಶಾನ್ ಮತ್ತು ಲೀ ಆ್ಯನ್, ತಾವು ಮೈಕಲ್‌ನ ಕಾನೂನುಬದ್ಧ ಪಾಲಕರಾಗಬಯಸುತ್ತೇವೆ ಎಂದು ಅವನಿಗೆ ಹೇಳುತ್ತಾರೆ. ಹಾಗೆಂದರೇನು ಎಂದು ಅವನು ಕೇಳುತ್ತಾನೆ. ಈ ಕುಟುಂಬದವನಾಗಲು ನಿನಗೆ ಇಷ್ಟವೇ ಎಂದು ಕೇಳುತ್ತಿದ್ದೇವೆ ಎಂಬುದು ಅವರ ವಿವರಣೆ. ನಾನು ಆಗಲೇ ಆಗಿದ್ದೇನೆಂದುಕೊಂಡಿದ್ದೆ ಎಂದು ಅವನ ಉತ್ತರ. 2009ರಲ್ಲಿ ಪ್ರೇಕ್ಷಕರು ಕಣ್ಣೊರೆಸಿಕೊಂಡ ದೃಶ್ಯ ಇದು. 2023ರ ಆಗಸ್ಟ್‌ನಲ್ಲಿ ಓರ್ ಅವರು ಟೆನೆಸಿಯ ಶೆಲ್ಬಿ ಕೌಂಟಿಯ ನ್ಯಾಯಾಲಯದಲ್ಲಿ ಸಲ್ಲಿಸಿದ ಅರ್ಜಿ ಇದೇ ಕಾಗದಪತ್ರದ ಕುರಿತಾದದ್ದು. 2004ರಲ್ಲಿ, ತಮಗೆ ಹದಿನೆಂಟು ತುಂಬಿದ ಮೇಲೆ, ದತ್ತುಸ್ವೀಕಾರವೆಂದು ನಂಬಿ ತಾವು ಸಹಿ ಮಾಡಿದ್ದು ವಾಸ್ತವದಲ್ಲಿ ಕನ್ಸರ್ವೇಟರ್‌ಶಿಪ್ ಎಂಬ, ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಟೂಯಿ ದಂಪತಿಗೆ ಕೊಡುವ ವ್ಯವಸ್ಥೆಗೆ. ತಾವು ಎಂದೂ ಅವರ ದತ್ತುಪುತ್ರರಾಗಿರಲಿಲ್ಲ. ಚಿತ್ರದಿಂದ ಆ ಕುಟುಂಬಕ್ಕೆ ಲಾಭವಾಯಿತೇ ಹೊರತು ತಮಗಲ್ಲ ಎಂದು ಅವರು ಆರೋಪಿಸಿದರು. ಟೂಯಿ ದಂಪತಿ ಇದನ್ನು ಅಲ್ಲಗಳೆದರು: ಚಿತ್ರದಿಂದ ಬಂದ ಹಣವನ್ನು ಎಲ್ಲರೂ ಸಮನಾಗಿ ಹಂಚಿಕೊಂಡಿದ್ದೇವೆ, ಹದಿನೆಂಟು ದಾಟಿದವರನ್ನು ದತ್ತು ಪಡೆಯಲಾಗದೆಂದು ವಕೀಲರು ಹೇಳಿದ್ದರಿಂದ ಕಾಲೇಜು ಕ್ರೀಡೆಯ ನಿಯಮಗಳಿಗೆ ತಕ್ಕಂತೆ ಈ ದಾರಿ ಹಿಡಿದೆವು ಎಂಬುದು ಅವರ ವಾದ. ಅದೇ ವರ್ಷ ಸೆಪ್ಟೆಂಬರ್ ಅಂತ್ಯದಲ್ಲಿ ನ್ಯಾಯಾಧೀಶರು ಕನ್ಸರ್ವೇಟರ್‌ಶಿಪ್ ಅನ್ನು ಕೊನೆಗೊಳಿಸಿದರು. ಅಂಗವೈಕಲ್ಯವಾಗಲಿ ಮಾನಸಿಕ ದೌರ್ಬಲ್ಯವಾಗಲಿ ಇಲ್ಲದವರ ಮೇಲೆ ಇಂಥ ವ್ಯವಸ್ಥೆ ಹೇರಿದ್ದನ್ನು ತಮ್ಮ 43 ವರ್ಷಗಳ ವೃತ್ತಿಯಲ್ಲಿ ಕಂಡಿಲ್ಲವೆಂದೂ ಹೇಳಿದರು. ಹಣದ ಲೆಕ್ಕದ ವಿವಾದ ಆ ಆದೇಶದಿಂದ ಮುಗಿಯಲಿಲ್ಲ.

ಟೂಯಿಗಳ ವಾದದ ಒಂದು ಅಂಶ ನಮ್ಮ ಓದುಗರಿಗೆ ಸಹಜವೆಂದು ತೋರಬಹುದು, ಏಕೆಂದರೆ ನಮ್ಮ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ, ಅನ್ಯಥಾ ರೂಢಿ ಇಲ್ಲದ ಪಕ್ಷದಲ್ಲಿ, ಹದಿನೈದು ವರ್ಷ ತುಂಬಿದವರನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಟೆನೆಸಿಯ ಕಾನೂನು ಹಾಗಲ್ಲ. ಅಲ್ಲಿ ವಯಸ್ಕರನ್ನೂ ದತ್ತು ಪಡೆಯಬಹುದು. ಯಾರು ಯಾರಿಗೆ ಮೋಸ ಮಾಡಿದರು ಅಥವಾ ಮಾಡಲಿಲ್ಲ ಎಂದು ತೀರ್ಪು ಕೊಡುವುದು ಚಿತ್ರವಿಮರ್ಶೆಯ ಕೆಲಸವಲ್ಲ. ಆದರೆ ಚಿತ್ರ ಅಂದೇ ‘ಪಾಲಕತ್ವ’ವನ್ನು ‘ಕುಟುಂಬ’ವೆಂದು ವಿವರಿಸಿ, ಹುಡುಗನ ಒಂದೇ ಮಾತಿನಲ್ಲಿ ಇಡೀ ಪ್ರಶ್ನೆಯನ್ನು ಮುಚ್ಚಿಹಾಕಿತ್ತು ಎಂಬುದು ಈಗ ಎದ್ದುಕಾಣುತ್ತದೆ. ಮೈಕಲ್‌ಗೆ ಮಾತು ಕೊಡದ ಚಿತ್ರಕಥೆಯ ದೋಷ ಅಭಿರುಚಿಯ ಪ್ರಶ್ನೆಯಷ್ಟೇ ಎಂದು ನಾನು ಮೊದಲಿನಿಂದ ಭಾವಿಸಿರಲಿಲ್ಲ. ಪಾಲಕತ್ವವೆಂದರೇನೆಂದು ಅದು ಹುಡುಗನಿಗೆ ಬಿಡಿಸಿ ಹೇಳದಿರುವುದನ್ನು ಈಗ ನೋಡಿದರೆ ಆ ದೋಷ ಇನ್ನಷ್ಟು ಭಾರವಾಗಿ ತೋರುತ್ತದೆ.

ಕೊನೆಯ ಭಾಗ ನನಗೆ ಹಿಡಿಸಲಿಲ್ಲ. ಮೆಂಫಿಸ್‌ನ ಅದೇ ಕೇರಿಯಲ್ಲಿ ಕೊಲೆಯಾದ, ಕ್ರೀಡೆಯಲ್ಲಿ ಭವಿಷ್ಯವಿದ್ದ ತರುಣನೊಬ್ಬನ ಸುದ್ದಿಯನ್ನು ಓದಿದ ಲೀ ಆ್ಯನ್, ಅವನು ನನ್ನ ಮಗನೂ ಆಗಿರಬಹುದಿತ್ತು ಎನ್ನುತ್ತಾಳೆ. ಆ ತರುಣನಿಗೆ ಚಿತ್ರದಲ್ಲಿ ಇರುವುದು ಈ ಒಂದು ಉಪಯೋಗ ಮಾತ್ರ. ನಂತರ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2009ರ ಪ್ರಕ್ರಿಯೆಯಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡವು ಮೊದಲ ಸುತ್ತಿನಲ್ಲಿ, 23ನೆಯವರಾಗಿ, ಓರ್ ಅವರನ್ನು ಆರಿಸಿಕೊಂಡ ನಿಜದೃಶ್ಯಗಳೂ ಕುಟುಂಬದ ಫೋಟೊಗಳೂ ಬರುತ್ತವೆ. ಅದೇ ತಂಡದೊಡನೆ ಅವರು 2013ರಲ್ಲಿ ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದದ್ದು ಚಿತ್ರದ ನಂತರದ ಮಾತು.

ಮಕ್ಕಳೊಡನೆ ಕೂತು ನೋಡಬಹುದೇ ಎಂದು ಕೇಳುವವರಿಗೆ: ಅಮೆರಿಕದಲ್ಲಿ ಇದಕ್ಕೆ ಹದಿಮೂರರೊಳಗಿನವರಿಗೆ ಹೆತ್ತವರ ಎಚ್ಚರಿಕೆ ಬೇಕೆಂಬ ದರ್ಜೆ ಸಿಕ್ಕಿದೆ. ಕೇರಿಯಲ್ಲಿ ನಡೆಯುವ ಹೊಡೆದಾಟ, ಮಾದಕ ವಸ್ತುಗಳ ಪ್ರಸ್ತಾಪ, ಒಂದಿಷ್ಟು ಒರಟು ಮಾತು ಇವೆ. ಹೈಸ್ಕೂಲಿನ ಮಕ್ಕಳಿಗೆ ಇದರಿಂದ ತೊಂದರೆಯಾಗದು. ಅಮೆರಿಕದ ದಕ್ಷಿಣದ ರಾಜ್ಯಗಳ ಉಚ್ಚಾರ ಎಳೆದೆಳೆದು ಬರುವುದರಿಂದ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಸಬ್‌ಟೈಟಲ್ ಹಾಕಿಕೊಳ್ಳುವುದು ಅನುಕೂಲ. ಬುಲಕ್ ಮತ್ತು ಲೆನಾಕ್ಸ್ ಅವರ ಅಭಿನಯಕ್ಕೆ, ಊಟದ ಮೇಜಿನಂಥ ಕೆಲವು ದೃಶ್ಯಗಳಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ನೋಡಿ ಮೆಚ್ಚಿದವರು ಓರ್ ಅವರ 2011ರ ಆತ್ಮಕಥನವನ್ನು ತರಿಸಿಕೊಂಡು ಓದಬೇಕು. ತಾಯಿಯಿಂದ ಬೇರ್ಪಡಿಸಿದ ದಿನಗಳು, ಒಡಹುಟ್ಟಿದವರ ಚದುರುವಿಕೆ, ಸಾಕುಮನೆಗಳ ಬದುಕು ಚಿತ್ರದಲ್ಲಿ ಮಿಂಚಿ ಮರೆಯಾಗುವ ನೆನಪುಗಳಷ್ಟೇ. ಪುಸ್ತಕದಲ್ಲಿ ಅವನ್ನು ಅನುಭವಿಸಿದವರೇ ಹೇಳುತ್ತಾರೆ, ಅಂಥದೇ ಮನೆಗಳಲ್ಲಿ ಇಂದು ಬೆಳೆಯುತ್ತಿರುವ ಮಕ್ಕಳನ್ನು ಉದ್ದೇಶಿಸಿ.